ಶರತ್ಕಾಲದ ತರಕಾರಿ ಸೂಪು: ಕ್ರೀಮ್, ಗೋಡಂಬಿ, ಅಕ್ಕಿ, ಆಲೂಗಡ್ಡೆ, ನಿಮಗೆ ಯಾವುದು ಸರಿ?

ಕುಂಬಳಕಾಯಿ, ಗೆಣಸು, ಕ್ಯಾರೆಟ್, ಹೂಕೋಸು ಒಟ್ಟಿಗೆ ಕೈಗೆ ಸಿಗುವ ಶರತ್ಕಾಲದಲ್ಲಿ ಸೂಪು ಮಾಡಹೊರಟವರಿಗೆ ತರಕಾರಿಯ ಆಯ್ಕೆ ಅಂಥ ತಲೆನೋವೇನಲ್ಲ. ಗೊಂದಲ ಶುರುವಾಗುವುದು ಅದನ್ನು ಕೆನೆಯಂತೆ ನುಣುಪಾಗಿಸುವ ಹಂತದಲ್ಲಿ. ಒಂದು ಕಡೆ ಕ್ರೀಮ್ ಸುರಿಯಿರಿ ಎಂದಿರುತ್ತದೆ, ಇನ್ನೊಂದು ಕಡೆ ಗೋಡಂಬಿ ರುಬ್ಬಿ ಹಾಕಿ ಎಂದು. ಮೈದಾ ಮತ್ತು ಹಾಲಿದ್ದರೆ ಸಾಕು ಎನ್ನುವವರಿದ್ದಾರೆ. ತೆಂಗಿನ ಹಾಲಿಲ್ಲದೆ ಕುಂಬಳಕಾಯಿ ಸೂಪೇ ಇಲ್ಲ ಎನ್ನುವವರೂ ಇದ್ದಾರೆ. ಇವು ಒಂದಿಲ್ಲದಿದ್ದರೆ ಇನ್ನೊಂದು ಎಂದು ಬದಲಾಯಿಸಿಬಿಡಬಹುದಾದ ಸಾಮಾನುಗಳಲ್ಲ. ಒಂದೊಂದೂ ಬೇರೆಯೇ ಸೂಪು ಕೊಡುತ್ತದೆ, ಒಂದೊಂದೂ ಒಪ್ಪುವ ಮನೆ ಬೇರೆ.

ಸೂಪು ಬಾಯಿಗಿಟ್ಟಾಗ ನಾಲಿಗೆ ಗುರುತಿಸುವುದು ಎರಡು ಸಂಗತಿಗಳನ್ನು. ಒಂದು ಅದರ ಮಂದ, ಇನ್ನೊಂದು ಜಿಡ್ಡು. ಮಂದ ಬರುವುದು ಪಿಷ್ಟದಿಂದ ಮತ್ತು ನುಣ್ಣಗೆ ಅರೆದ ತರಕಾರಿಯಿಂದ. ಜಿಡ್ಡು ಬರುವುದು ಬೆಣ್ಣೆ, ಕ್ರೀಮ್, ತೆಂಗಿನ ಹಾಲು, ಗೋಡಂಬಿಗಳಿಂದ. ಕ್ರೀಮ್ ಜಿಡ್ಡು ಕೊಡುತ್ತದೆ, ಮಂದ ಅಷ್ಟಾಗಿ ಕೊಡುವುದಿಲ್ಲ. ಆಲೂಗಡ್ಡೆ ಮಂದ ಕೊಡುತ್ತದೆ, ಜಿಡ್ಡು ಕೊಡುವುದಿಲ್ಲ. ನೀರುನೀರಾದ ಸೂಪಿಗೆ ಎಷ್ಟು ಕ್ರೀಮ್ ಸುರಿದರೂ ಅದು ಬಿಳಿಚಿಕೊಂಡ ತೆಳ್ಳನೆಯ ಸೂಪಾಗಿಯೇ ಉಳಿಯುವುದು ಇದೇ ಕಾರಣಕ್ಕೆ. ಹಾಗಾಗಿ ಮಂದವನ್ನು ತರಕಾರಿಯಿಂದ, ಇಲ್ಲವೇ ಅದರೊಂದಿಗೇ ಬೇಯುವ ಪಿಷ್ಟದಿಂದ ಪಡೆಯಬೇಕು. ಜಿಡ್ಡನ್ನು ಕೊನೆಗೆ, ಕುಡಿಯುವವರನ್ನು ನೋಡಿಕೊಂಡು ಸೇರಿಸಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಮುಂದಿನ ಹೋಲಿಕೆಯೆಲ್ಲ ಈ ನೆಲೆಯಿಂದಲೇ ಹೊರಡುತ್ತದೆ.

ಏನನ್ನು ನೋಡಿ ಆರಿಸುವುದು

ಮೊದಲು ನೋಡಬೇಕಾದದ್ದು ರುಚಿಯನ್ನಲ್ಲ, ಊಟಕ್ಕೆ ಕೂರುವವರನ್ನು. ಹಾಲಿನ ಸಕ್ಕರೆ ಜೀರ್ಣವಾಗದವರು, ಗೋಧಿಯ ಗ್ಲುಟೆನ್ ಆಗದವರು, ಗೋಡಂಬಿಯಂಥ ಬೀಜಗಳ ಅಲರ್ಜಿ ಇರುವವರು ಯಾರಾದರೂ ಇದ್ದರೆ ಪಟ್ಟಿಯ ಅರ್ಧ ಅಲ್ಲೇ ಅಳಿಸಿಹೋಗುತ್ತದೆ. ಎರಡನೆಯದು, ಸೂಪು ಈಗಲೇ ಮುಗಿಯುವಂಥದ್ದೋ, ನಾಲ್ಕು ದಿನಕ್ಕೆ ಮಾಡಿಡುವಂಥದ್ದೋ, ಫ್ರೀಜರಿಗೆ ಹೋಗುವಂಥದ್ದೋ ಎಂಬುದು. ಆಮೇಲೆ ಬರುವುದು, ಹಾಕುವ ಸಾಮಾನು ತರಕಾರಿಯ ರುಚಿಯನ್ನು ಎತ್ತಿ ತೋರಿಸುತ್ತದೋ ಮುಚ್ಚುತ್ತದೋ ಎಂಬ ಪ್ರಶ್ನೆ. ಹೊಟ್ಟೆ ತುಂಬಬೇಕೋ, ಊಟದ ಮೊದಲಿಗೆ ಒಂದು ಸಣ್ಣ ಬಟ್ಟಲು ಸಾಕೋ ಎಂಬುದೂ ಮುಖ್ಯ. ಖರ್ಚು ಮತ್ತು ಸಮಯವನ್ನು ಕೊನೆಗೆ ನೋಡಿ. ಅವು ಮುಖ್ಯವಲ್ಲ ಎಂದಲ್ಲ, ಅಗ್ಗವೂ ಬೇಗ ಆಗುವಂಥದ್ದೂ ಆದ ದಾರಿ ಇಲ್ಲಿ ಒಂದಕ್ಕಿಂತ ಹೆಚ್ಚೇ ಇವೆ.

ಹೋಲಿಕೆ ಸರಿಯಾಗಿ ಆಗಲು ಒಂದೇ ಅಳತೆ ಇಟ್ಟುಕೊಳ್ಳೋಣ: ಸಿಪ್ಪೆ ತೆಗೆದು ಹೆಚ್ಚಿದ ತರಕಾರಿ 800 ಗ್ರಾಂ, ಈರುಳ್ಳಿ 150 ಗ್ರಾಂ, ಎರಡು ಚಮಚ ಬೆಣ್ಣೆ ಅಥವಾ ಎಣ್ಣೆ, ನೀರು ಇಲ್ಲವೇ ತರಕಾರಿ ಬೇಯಿಸಿ ಬಸಿದ ಸಾರ 800 ಮಿಲಿ. ನಾಲ್ಕು ದೊಡ್ಡ ಬಟ್ಟಲಿಗೆ ಆಗುತ್ತದೆ. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷವಾದರೂ ಬಾಡಿಸಿ, ತರಕಾರಿ ಹಾಕಿ ಇನ್ನೈದು ನಿಮಿಷ ಹುರಿದು, ನೀರು ಸೇರಿಸಿ ಮೆತ್ತಗಾಗುವವರೆಗೆ ಬೇಯಿಸಿ ಅರೆಯುವುದು. ಇಷ್ಟು ಎಲ್ಲದಕ್ಕೂ ಸಮಾನ.

ತರಕಾರಿಯೇ ಅರ್ಧ ಉತ್ತರ

ಯಾವ ತರಕಾರಿ ತಂದಿದ್ದೀರಿ ಎಂಬುದರ ಮೇಲೆ ಹೊರಗಿನಿಂದ ಎಷ್ಟು ಸಹಾಯ ಬೇಕು ಎಂಬುದು ನಿಂತಿದೆ. ಗೆಣಸಿನಲ್ಲಿ ನೀರು ಸುಮಾರು ನೂರಕ್ಕೆ 77 ಭಾಗ, ಉಳಿದದ್ದರಲ್ಲಿ ಪಿಷ್ಟವೇ ಹೆಚ್ಚು. ಅದನ್ನು ಬೇಯಿಸಿ ಅರೆದರೆ ತಾನಾಗಿಯೇ ಮಂದವಾಗುತ್ತದೆ. ಗೆಣಸಿನ ಸೂಪಿಗೆ ಆಲೂಗಡ್ಡೆಯನ್ನೂ ಸೇರಿಸಿದರೆ ಚಮಚ ನಿಲ್ಲುವ ಮುದ್ದೆಯಾದೀತು. ಗಂಟೆಯಾಕಾರದ ಬಟರ್‌ನಟ್ ಸ್ಕ್ವಾಷ್‌ನಲ್ಲಿ ನೀರು ಸುಮಾರು 86 ಭಾಗ. ತಿರುಳು ಬಿಗಿಯಾದದ್ದರಿಂದ ಅದಕ್ಕೂ ಹೆಚ್ಚಿನ ಆಸರೆ ಬೇಕಿಲ್ಲ. ದೊಡ್ಡ ಕುಂಬಳಕಾಯಿಯ ಕಥೆ ಬೇರೆ. ಅದು ಸುಮಾರು 92 ಭಾಗ ನೀರೇ. ಅದರ ಸೂಪು ನಿರಾಸೆ ಮಾಡುವುದು ಕ್ರೀಮ್ ಕಡಿಮೆಯಾಗಿ ಅಲ್ಲ, ನೀರು ಹೆಚ್ಚಾಗಿ. ಕುಂಬಳಕಾಯಿಗೆ ಮೊದಲು 500 ಮಿಲಿ ನೀರನ್ನಷ್ಟೇ ಹಾಕಿ, ಅರೆದ ಮೇಲೆ ಬೇಕಿದ್ದರೆ ಸೇರಿಸಿಕೊಳ್ಳಿ.

ಕ್ಯಾರೆಟ್‌ನಲ್ಲಿ ಪಿಷ್ಟ ತೀರಾ ಕಡಿಮೆ. ಬೇಯುವುದು ಸಾಲದಾದರೆ ಎಷ್ಟು ಅರೆದರೂ ತರಿತರಿ ಉಳಿಯುತ್ತದೆ. ತೆಳುವಾಗಿ ಹೆಚ್ಚಿ, 25ರಿಂದ 30 ನಿಮಿಷ ಬೇಯಿಸಿ, ಸೌಟಿನ ಹಿಂಬದಿಯಿಂದ ಒತ್ತಿದರೆ ತಾನಾಗಿ ಕರಗುವಂತಿರಬೇಕು. ಟೊಮೆಟೊ, ನಿಂಬೆರಸ ಮೊದಲೇ ಹಾಕಿದರೆ ಹುಳಿಯಿಂದಾಗಿ ಕ್ಯಾರೆಟ್ ಮೆತ್ತಗಾಗಲು ತಡವಾಗುತ್ತದೆ, ಹುಳಿ ಏನಿದ್ದರೂ ಕೊನೆಗೆ. ಹೂಕೋಸು ಮಾತ್ರ ಒಂದು ಸೋಜಿಗ. ನೀರಿನಂಶ ಕುಂಬಳಕಾಯಿಯಷ್ಟೇ ಇದ್ದರೂ, ಚೆನ್ನಾಗಿ ಬೆಂದ ಹೂಕೋಸನ್ನು ಮಿಕ್ಸಿಯಲ್ಲಿ ಎರಡು ನಿಮಿಷ ಬಿಡದೆ ಅರೆದರೆ ಕ್ರೀಮಿನ ಹನಿಯೂ ಇಲ್ಲದೆ ರೇಷ್ಮೆಯಂತೆ ಬರುತ್ತದೆ. ಕೊನೆಗೆ ಒಂದು ಚಮಚ ಬೆಣ್ಣೆ ಸಾಕು. ಹೂಕೋಸಿನ ಸೂಪಿಗೆ ಹಣ ಖರ್ಚು ಮಾಡಿ ಏನನ್ನಾದರೂ ಸೇರಿಸುವ ಮೊದಲು ಒಮ್ಮೆ ಹೀಗೆ ಮಾಡಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಕ್ರೀಮ್

ಬಾಯಿಗೆ ಇಷ್ಟು ದುಂಡಗಿನ ರುಚಿ ಕೊಡುವುದು ಬೇರೊಂದಿಲ್ಲ, ಅದನ್ನು ಒಪ್ಪಲೇಬೇಕು. ನಮ್ಮ ಅಳತೆಗೆ 60ರಿಂದ 100 ಮಿಲಿ ಸಾಕು. 35 ಭಾಗ ಕೊಬ್ಬಿರುವ ಕ್ರೀಮ್ 100 ಮಿಲಿ ಹಾಕಿದರೆ ಬಟ್ಟಲೊಂದಕ್ಕೆ ಸುಮಾರು 85 ಕ್ಯಾಲೊರಿ ಸೇರುತ್ತದೆ. ಹೆದರಿಸುವಂಥ ಲೆಕ್ಕವೇನಲ್ಲ. ಕೊಬ್ಬು ಹೆಚ್ಚಿದ್ದಷ್ಟೂ ಹೆಪ್ಪುಗಟ್ಟುವ ಪ್ರೋಟೀನಿನ ಪಾಲು ಕಡಿಮೆ. ಆದ್ದರಿಂದ ಗಟ್ಟಿ ಕ್ರೀಮ್ ಕುದಿಯನ್ನೂ ಸ್ವಲ್ಪ ಹುಳಿಯನ್ನೂ ತಡೆದುಕೊಳ್ಳುತ್ತದೆ. ತೆಳು ಕ್ರೀಮ್, ಹಾಲು, ಮೊಸರು ಹಾಗಲ್ಲ, ಟೊಮೆಟೊ ಅಥವಾ ನಿಂಬೆ ಬಿದ್ದ ಸೂಪಿನಲ್ಲಿ ಕುದಿ ಬಂದರೆ ಒಡೆದುಬಿಡುತ್ತವೆ. ಯಾವುದೇ ಆದರೂ ಉರಿ ಆರಿಸುವ ಹೊತ್ತಿಗೆ ಹಾಕಿ.

ಕ್ರೀಮಿನ ತೊಡಕು ಬೇರೆಯೇ ಇದೆ. ಅದು ರುಚಿಯ ಮೂಲೆಗಳನ್ನು ಸವೆಸುತ್ತದೆ. ಹೂಕೋಸು, ಅಣಬೆ, ಈರುಳ್ಳಿ ಜಾತಿಯ ಲೀಕ್‌ನಂಥ ಮಣ್ಣಿನ ಘಮದ ತರಕಾರಿಗೆ ಇದು ವರ. ಶುಂಠಿ ಹಾಕಿದ ಕ್ಯಾರೆಟ್ ಸೂಪಿಗೆ ಹಾಕಿದರೆ ಶುಂಠಿಯ ಚುರುಕೂ ಕ್ಯಾರೆಟಿನ ತಾಜಾತನವೂ ಮಂಕಾಗುತ್ತವೆ. ಉಪ್ಪು, ಕಾಳುಮೆಣಸು ಎರಡನ್ನೂ ಕ್ರೀಮ್ ಹಾಕಿದ ನಂತರ ಮತ್ತೊಮ್ಮೆ ನೋಡಲೇಬೇಕು. ಫ್ರೀಜರಿಗಂತೂ ಕ್ರೀಮ್ ಸೂಪು ಒಗ್ಗುವುದಿಲ್ಲ, ಕರಗಿದಾಗ ಜಿಡ್ಡು ಬೇರೆ ನೀರು ಬೇರೆ ಆಗುತ್ತದೆ. ಮಾಡಿಡುವುದಿದ್ದರೆ ಕ್ರೀಮ್ ಹಾಕದೆ ಹೆಪ್ಪುಗಟ್ಟಿಸಿ, ಬಿಸಿ ಮಾಡುವಾಗ ಸೇರಿಸಿ. ಇನ್ನು ಖರ್ಚಿನ ಮಾತು: ಬೇಕಾದದ್ದು ಅರ್ಧ ಬಟ್ಟಲು, ಕೊಳ್ಳಬೇಕಾದದ್ದು ಇಡೀ ಡಬ್ಬಿ. ಉಳಿದದ್ದಕ್ಕೆ ಉಪಯೋಗವಿದೆ ಎಂದಾದರೆ ಮಾತ್ರ ಇದು ದುಬಾರಿಯಲ್ಲ.

ಮೈದಾ ಮತ್ತು ಹಾಲು

25 ಗ್ರಾಂ ಬೆಣ್ಣೆಯಲ್ಲಿ 25 ಗ್ರಾಂ ಮೈದಾವನ್ನು ಎರಡು ನಿಮಿಷ ಹುರಿದು, 300 ಮಿಲಿ ಹಾಲನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಹಸಿ ವಾಸನೆ ಹೋಗುವವರೆಗೆ ಎಂಟು ಹತ್ತು ನಿಮಿಷ ಸಣ್ಣಗೆ ಕುದಿಸುವುದು ಇದರ ಕ್ರಮ. ಅಷ್ಟು ನೀರನ್ನು ಮೂಲ ಅಳತೆಯಿಂದ ಕಡಿಮೆ ಮಾಡಿಕೊಳ್ಳಿ. ಅಗ್ಗ, ನಂಬಿಕಸ್ಥ. ಆದರೆ ಹಾಲೂ ಗೋಧಿಯೂ ಒಟ್ಟಿಗಿರುವುದರಿಂದ ಅತಿ ಹೆಚ್ಚು ಜನರನ್ನು ಊಟದಿಂದ ಹೊರಗಿಡುವುದೂ ಇದೇ. ಕಿತ್ತಳೆ ಬಣ್ಣದ ತರಕಾರಿಗಳ ಹೊಳಪನ್ನೂ ಮಂಕು ಮಾಡುತ್ತದೆ. ನನಗೆ ಇದು ಬ್ರೊಕೊಲಿ, ಅಣಬೆಗಳಿಗೆ ಸರಿ ಅನ್ನಿಸುತ್ತದೆ, ಕುಂಬಳಕಾಯಿಗೆ ಬೇಡ.

ಅವಸರಕ್ಕೆ ಕಾರ್ನ್‌ಫ್ಲೋರ್ ಕಲಸಿ ಹಾಕುವವರಿದ್ದಾರೆ. ಮಂದವೇನೋ ಆಗುತ್ತದೆ. ಆದರೆ ಬರುವುದು ಹೊಳಪಿನ, ಜಾರುವ ಮಂದ, ಕೆನೆಯ ನುಣುಪಲ್ಲ. ಫ್ರೀಜರಿನಿಂದ ತೆಗೆದಾಗ ನೀರು ಬಿಡುತ್ತದೆ. ಅರೆದ ತರಕಾರಿ ಸೂಪಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಆಲೂಗಡ್ಡೆ ಮತ್ತು ಅಕ್ಕಿ

ಕಡಿಮೆ ಖರ್ಚಿನಲ್ಲಿ ಮಂದ ಬೇಕೆಂದರೆ ಈ ಎರಡರ ನಡುವೆ ಆಯ್ಕೆ. 200 ಗ್ರಾಂ ಆಲೂಗಡ್ಡೆಯನ್ನು ತರಕಾರಿಯ ಜೊತೆಗೇ ಬೇಯಿಸುವುದು ಎಲ್ಲರಿಗೂ ಗೊತ್ತಿರುವ ದಾರಿ. ಹಾಲು ಬೇಡ, ಗೋಧಿ ಬೇಡ, ರುಚಿಯೂ ಸೌಮ್ಯ. ಎಚ್ಚರ ಬೇಕಾದದ್ದು ಅರೆಯುವಾಗ. ಮಿಕ್ಸಿಯ ಜೋರು ವೇಗದಲ್ಲಿ ಬಹಳ ಹೊತ್ತು ಅರೆದರೆ ಆಲೂಗಡ್ಡೆಯ ಪಿಷ್ಟದ ಕಣಗಳು ಒಡೆದು ಸೂಪು ಅಂಟಂಟಾಗುತ್ತದೆ. ಬೆಂದ ಆಲೂ ಹೋಳುಗಳನ್ನು ಬೇರೆ ತೆಗೆದಿಟ್ಟು, ಉಳಿದ ತರಕಾರಿಯನ್ನು ನುಣ್ಣಗೆ ಅರೆದ ಮೇಲೆ, ಆಲೂವನ್ನು ಕೈಯಿಂದ ಹಿಸುಕಿ ಬೆರೆಸಿದರೆ ಈ ಕಾಟವಿಲ್ಲ. ಫ್ರೀಜರಿನಲ್ಲಿ ಇಟ್ಟು ತೆಗೆದರೆ ಮರಳುಮರಳಾಗುವುದು ಇದರ ಇನ್ನೊಂದು ದೋಷ. ಮತ್ತೆ ಕುದಿಸಿ ಕಲಕಿದರೆ ಸ್ವಲ್ಪ ಸರಿಹೋಗುತ್ತದೆ, ಪೂರ್ತಿ ಅಲ್ಲ.

ಅಕ್ಕಿಯ ಬಗ್ಗೆ ಜನ ಯೋಚಿಸುವುದು ಕಡಿಮೆ. ನನ್ನ ಮಟ್ಟಿಗೆ ಎಲ್ಲ ದಾರಿಗಳಲ್ಲಿ ಹೆಚ್ಚು ಸಲ ಕೈಹಿಡಿಯುವುದು ಅದೇ. ತೊಳೆದ ಬಿಳಿ ಅಕ್ಕಿ 50 ಗ್ರಾಂ ತರಕಾರಿಯ ಜೊತೆಗೇ ಹಾಕಿ, 25 ನಿಮಿಷ, ಕಾಳು ಪೂರಾ ಅರಳಿ ಒಡೆಯುವಷ್ಟು ಬೇಯಿಸಿ ಅರೆಯಿರಿ. ಆಲೂಗಡ್ಡೆಯಂತೆ ತನ್ನ ರುಚಿಯನ್ನು ಮುಂದೆ ಮಾಡುವುದಿಲ್ಲ, ಕ್ಯಾರೆಟ್ ಕ್ಯಾರೆಟ್ಟಾಗಿಯೇ ಉಳಿಯುತ್ತದೆ. ಮಿಕ್ಸಿಯಲ್ಲಿ ಅರೆದರೂ ಸುಲಭಕ್ಕೆ ಅಂಟಾಗುವುದಿಲ್ಲ. ಅಲರ್ಜಿಯ ಚಿಂತೆಯೂ ತೀರಾ ಕಡಿಮೆ. ಅರ್ಧ ಬೆಂದರೆ ಮಾತ್ರ ತರಿ ಸಿಗುತ್ತದೆ, ಆ ಒಂದು ವಿಷಯದಲ್ಲಿ ತಾಳ್ಮೆ ಬೇಕು. ಮರುದಿನ ಫ್ರಿಜ್ಜಿನಿಂದ ತೆಗೆದಾಗ ಗಟ್ಟಿಯಾಗಿರುತ್ತದೆ. ಅರ್ಧ ಲೋಟ ಬಿಸಿನೀರು ಬೆರೆಸಿ ಕುದಿಸಿದರೆ ಹದಕ್ಕೆ ಬರುತ್ತದೆ.

ಜಿಡ್ಡು ಇವೆರಡರಲ್ಲೂ ಇಲ್ಲ ಎಂಬುದನ್ನು ಮರೆಯಬೇಡಿ. ಈರುಳ್ಳಿ ಬಾಡಿಸಲು ಹಾಕಿದ ಎರಡು ಚಮಚ ಬೆಣ್ಣೆ ಅಥವಾ ಎಣ್ಣೆಯನ್ನು ಉಳಿಸಲು ಹೋಗಬಾರದು. ರುಚಿಗಷ್ಟೇ ಅಲ್ಲ, ಕ್ಯಾರೆಟ್, ಕುಂಬಳಕಾಯಿಗಳಲ್ಲಿರುವ, ವಿಟಮಿನ್ ಎ ಆಗಬಲ್ಲ ಬೀಟಾ ಕ್ಯಾರೊಟಿನ್ ದೇಹಕ್ಕೆ ಹತ್ತಲು ಕೊಬ್ಬು ಬೇಕು.

ಗೋಡಂಬಿ

ಹಾಲಿನ ಯಾವ ಪದಾರ್ಥವೂ ಬೇಡ, ಆದರೆ ಕ್ರೀಮಿನ ಅನುಭವ ಬೇಕು ಎನ್ನುವವರಿಗೆ ಗೋಡಂಬಿಗಿಂತ ಹತ್ತಿರದ ದಾರಿ ಇಲ್ಲ. ಬೇರೆ ಬೀಜಗಳಿಗೆ ಹೋಲಿಸಿದರೆ ಗೋಡಂಬಿಯಲ್ಲಿ ಪಿಷ್ಟ ಹೆಚ್ಚು. ಅದು ಜಿಡ್ಡನ್ನೂ ಕೊಡುತ್ತದೆ, ಕಾದಾಗ ಮಂದವನ್ನೂ ಕೊಡುತ್ತದೆ. ಎರಡು ಕೆಲಸವನ್ನು ಒಟ್ಟಿಗೆ ಮಾಡುವ ಸಾಮಾನು ಈ ಪಟ್ಟಿಯಲ್ಲಿ ಅಪರೂಪ. 50 ಗ್ರಾಂ ಗೋಡಂಬಿಯನ್ನು ಬಿಸಿನೀರಿನಲ್ಲಿ 20 ನಿಮಿಷ, ಸಾಧಾರಣ ಮಿಕ್ಸಿಯಾದರೆ ಎರಡು ಗಂಟೆ ನೆನೆಸಿ, ಸ್ವಲ್ಪವೇ ನೀರಿನಲ್ಲಿ ಬೇರೆಯಾಗಿ ಅರೆಯಿರಿ. ಬೆರಳ ನಡುವೆ ತಿಕ್ಕಿದರೆ ಕಣ ಸಿಗಬಾರದು. ಸೂಪಿನ ಜೊತೆಗೇ ಅರೆದರಾಯಿತು ಎಂದುಕೊಂಡರೆ ಅಷ್ಟು ನೀರಿನಲ್ಲಿ ಚೂರುಗಳು ತಪ್ಪಿಸಿಕೊಳ್ಳುತ್ತವೆ. ಸೇರಿಸಿದ ಮೇಲೆ ತಳ ಹಿಡಿಯುವುದು ಬೇಗ, ಕೈಯಾಡಿಸುತ್ತಿರಿ.

ಹುಳಿ ಬಿದ್ದರೆ ಹಾಲಿನ ಹಾಗೆ ಒಡೆಯುವ ಭಯವಿಲ್ಲ, ಹೀಗಾಗಿ ಟೊಮೆಟೊ ಬೆರೆತ ಸೂಪಿಗೆ ಇದು ಕ್ರೀಮಿಗಿಂತ ಮೇಲು. ಬಟ್ಟಲಿಗೆ ಸುಮಾರು 70 ಕ್ಯಾಲೊರಿ ಸೇರುತ್ತದೆ, ಅಂದರೆ ಕ್ರೀಮಿಗೆ ಹತ್ತಿರ ಹತ್ತಿರ. ಇದನ್ನು ಹಗುರ ಎಂದುಕೊಂಡು ಆರಿಸುವುದು ಸರಿಯಲ್ಲ. ಬೆಲೆಯಲ್ಲಿ ಅಕ್ಕಿ, ಆಲೂಗಡ್ಡೆಗಳಿಗಿಂತ ಬಹಳ ಮೇಲೆ. ಚೂರಾದ ಗೋಡಂಬಿ ಇಡಿಯದಕ್ಕಿಂತ ಅಗ್ಗಕ್ಕೆ ಸಿಗುತ್ತದೆ, ಅರೆಯುವುದಕ್ಕೆ ಇಡಿಗೋಡಂಬಿ ಯಾಕೆ ಬೇಕು? ಹೊಸಬರು ಊಟಕ್ಕೆ ಬಂದಾಗ ಮಾತ್ರ ಕೇಳದೆ ಬಡಿಸಬೇಡಿ. ಅರೆದ ಗೋಡಂಬಿ ಕಣ್ಣಿಗೆ ಕಾಣುವುದಿಲ್ಲ, ಬೀಜದ ಅಲರ್ಜಿ ಪ್ರಾಣಕ್ಕೇ ಬರಬಹುದು.

ತೆಂಗಿನ ಹಾಲು

ಇದು ಬರೀ ನುಣುಪಿನ ಆಯ್ಕೆಯಲ್ಲ, ರುಚಿಯ ಆಯ್ಕೆ. ತೆಂಗು ಬಿದ್ದ ಮೇಲೆ ಅದು ತೆಂಗಿನ ಸೂಪೂ ಹೌದು. ಗೆಣಸು, ಕುಂಬಳಕಾಯಿ, ಕ್ಯಾರೆಟ್ಟಿನ ಸಿಹಿಗೆ, ಶುಂಠಿ ಮತ್ತು ಮೆಣಸಿನ ಖಾರಕ್ಕೆ ಸೊಗಸಾಗಿ ಹೊಂದುತ್ತದೆ. ಹೂಕೋಸು, ಅಣಬೆಯ ಮೇಲೆ ಸವಾರಿ ಮಾಡುತ್ತದೆ. ಗಟ್ಟಿ ಹಾಲು 150ರಿಂದ 200 ಮಿಲಿ ಹಾಕಿ, ಅಷ್ಟು ನೀರು ಕಡಿಮೆ ಮಾಡಿ. ಜೋರಾಗಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಬೇರ್ಪಟ್ಟರೆ ಒಮ್ಮೆ ಅರೆದರೆ ಮತ್ತೆ ಕೂಡಿಕೊಳ್ಳುತ್ತದೆ.

ಮಸೂರ್ ಬೇಳೆ

ಸೂಪೇ ಊಟವಾಗಬೇಕಾದ ಮನೆಗೆ ನಾನು ಹೇಳುವುದು ಇದನ್ನು. ಸಿಪ್ಪೆ ತೆಗೆದ ಕೆಂಪು ಬೇಳೆ 100 ಗ್ರಾಂ ತರಕಾರಿಯ ಜೊತೆ ಹಾಕಿದರೆ ನೆನೆಸದೆಯೂ 20 ನಿಮಿಷದಲ್ಲಿ ಕರಗುತ್ತದೆ. ಬಟ್ಟಲೊಂದಕ್ಕೆ ಸುಮಾರು 6 ಗ್ರಾಂ ಪ್ರೋಟೀನ್ ಸಿಗುತ್ತದೆ. ಕ್ರೀಮೂ ಗೋಡಂಬಿಯೂ ಈ ಪ್ರಮಾಣದಲ್ಲಿ ಅಷ್ಟು ಕೊಡಲಾರವು. ನೀರು 200 ಮಿಲಿ ಹೆಚ್ಚಿಸಿ. ನುಣುಪು ಮಾತ್ರ ಕ್ರೀಮಿನದಲ್ಲ, ಸ್ವಲ್ಪ ಹಿಟ್ಟುಹಿಟ್ಟಾದ ಮಂದ. ಬೇಳೆಯ ರುಚಿಯೂ ಮರೆಯಾಗುವುದಿಲ್ಲ. ಕ್ಯಾರೆಟ್, ಟೊಮೆಟೊ, ಕುಂಬಳಕಾಯಿಗೆ ಒಪ್ಪುತ್ತದೆ. ಫ್ರೀಜರಿಗೆ ಇಡಲು ಈ ಪಟ್ಟಿಯಲ್ಲಿ ಅತ್ಯಂತ ನಂಬಿಕಸ್ಥ ಇದೇ.

ಬೇಯಿಸುವುದು, ಅರೆಯುವುದು

ಓವನ್ ಇದ್ದರೆ ತರಕಾರಿಗೆ ಎಣ್ಣೆ ಸವರಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 35ರಿಂದ 40 ನಿಮಿಷ ಹುರಿದು ಸೂಪು ಮಾಡಬಹುದು. ನೀರು ಇಂಗಿ, ಅಂಚು ಕಂದಾಗಿ, ರುಚಿ ಗಾಢವಾಗುತ್ತದೆ. ನೀರು ಹೆಚ್ಚಿರುವ ಕುಂಬಳಕಾಯಿಗೆ ಇದರಿಂದ ಆಗುವ ಲಾಭ ಬೇರೆ ಯಾವ ತರಕಾರಿಗೂ ಆಗದು. ಗೆಣಸನ್ನು ಇನ್ನೂ ಕಡಿಮೆ ಶಾಖದಲ್ಲಿ ನಿಧಾನವಾಗಿ ಹುರಿದರೆ ಅದರೊಳಗಿನ ಕಿಣ್ವಗಳಿಗೆ ಪಿಷ್ಟವನ್ನು ಸಕ್ಕರೆಯಾಗಿಸಲು ಹೆಚ್ಚು ಹೊತ್ತು ಸಿಗುತ್ತದೆ, ಸಿಹಿ ಹೆಚ್ಚುತ್ತದೆ. ಕುಕ್ಕರಿನಲ್ಲಾದರೆ ಹತ್ತು ನಿಮಿಷದೊಳಗೆ ಕೆಲಸ ಮುಗಿಯುತ್ತದೆ, ರುಚಿ ಮಾತ್ರ ಸಪ್ಪೆಗೆ ಹತ್ತಿರ. ನೀರು ಆವಿಯಾಗುವುದಿಲ್ಲ, ಆದ್ದರಿಂದ ನೀರಿನ ಅಳತೆಯನ್ನು ಕಾಲು ಭಾಗ ಇಳಿಸಿ. ಈರುಳ್ಳಿಯನ್ನಂತೂ ಮುಚ್ಚಳ ಹಾಕುವ ಮೊದಲು ಚೆನ್ನಾಗಿ ಬಾಡಿಸಿಕೊಳ್ಳಿ. ಹಾಲು, ಕ್ರೀಮುಗಳನ್ನು ಕುಕ್ಕರಿನೊಳಗೆ ಹಾಕಬೇಡಿ.

ಪಾತ್ರೆಯಲ್ಲೇ ಇಳಿಸುವ ಹ್ಯಾಂಡ್ ಬ್ಲೆಂಡರ್ ಅನುಕೂಲ, ತೊಳೆಯುವ ಪಾತ್ರೆಯೂ ಕಡಿಮೆ. ನುಣುಪು ಮಿಕ್ಸಿಯ ಜಾರಿನಷ್ಟು ಬರುವುದಿಲ್ಲ. ಬಿಸಿ ಸೂಪನ್ನು ಜಾರಿಗೆ ಹಾಕುವಾಗ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಆವಿ ಹೋಗಲು ಮುಚ್ಚಳದ ನಡುವಿನ ಬಿರಡೆ ತೆಗೆದು, ದಪ್ಪ ಬಟ್ಟೆ ಮುಚ್ಚಿ, ಸಣ್ಣ ವೇಗದಿಂದ ಶುರುಮಾಡಿ. ಆವಿ ಹೋಗಲು ದಾರಿಯಿಲ್ಲದ ಜಾರಾದರೆ ಸೂಪು ತಣಿದ ಮೇಲೆಯೇ ಅರೆಯಬೇಕು. ಹ್ಯಾಂಡ್ ಬ್ಲೆಂಡರ್ ಮಾತ್ರ ಇದ್ದವರು ಗೋಡಂಬಿಯ ಬದಲು ತೆಂಗಿನ ಹಾಲು ಅಥವಾ ಕ್ರೀಮ್ ಆರಿಸುವುದು ಒಳ್ಳೆಯದು.

ಹಾಗಾದರೆ ಯಾವುದು?

ವಾರದ ನಡುವಿನ ರಾತ್ರಿ, ಖರ್ಚು ಕಡಿಮೆ ಇರಬೇಕು, ಮಕ್ಕಳೂ ಹಿರಿಯರೂ ಒಟ್ಟಿಗೆ ಕುಡಿಯಬೇಕು ಎಂದಾದರೆ ಅಕ್ಕಿ. ಬೇರೇನೂ ಊಟವಿಲ್ಲದಿದ್ದರೆ ಬೇಳೆ. ಅತಿಥಿಗಳಿದ್ದು, ಎಲ್ಲರಿಗೂ ಹಾಲು ಆಗುತ್ತದೆ ಎಂದು ಗೊತ್ತಿದ್ದರೆ ಹೂಕೋಸು ಅಥವಾ ಅಣಬೆಗೆ ಕ್ರೀಮ್. ಪ್ರಾಣಿಜನ್ಯವಾದ ಏನನ್ನೂ ತಿನ್ನದವರಿಗೆ ಗೋಡಂಬಿ, ಬೀಜದ ಅಲರ್ಜಿಯೂ ಇದ್ದರೆ ತೆಂಗಿನ ಹಾಲು. ಆದರೆ ತೆಂಗೂ ಆಗದವರು ಇರುತ್ತಾರೆ, ಅದನ್ನೂ ಕೇಳಿಕೊಳ್ಳಿ. ಒಂದೇ ಮೇಜಿಗೆ ಹತ್ತು ಬಗೆಯ ನಿರ್ಬಂಧಗಳಿದ್ದರೆ ಎಣ್ಣೆಯಲ್ಲಿ ಬಾಡಿಸಿ, ಅಕ್ಕಿ ಹಾಕಿ ಮೂಲ ಸೂಪು ಮಾಡಿ. ಕ್ರೀಮನ್ನು ಬೇರೆ ಬಟ್ಟಲಲ್ಲಿಟ್ಟರೆ ಬೇಕಾದವರು ಒಂದೊಂದು ಚಮಚ ಹಾಕಿಕೊಳ್ಳುತ್ತಾರೆ. ಮಂದ ಅಕ್ಕಿಯಿಂದ ಆಗಲೇ ಬಂದಿರುವುದರಿಂದ ಹಾಕಿಕೊಳ್ಳದವರಿಗೂ ಏನೂ ಕೊರತೆಯಾಗದು.

ವಾರಕ್ಕೆ ಮಾಡಿಡುವವರು ಸೂಪನ್ನು ಅಗಲ ಪಾತ್ರೆಗೆ ಸುರಿದು ಬೇಗ ತಣಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮೂರು ನಾಲ್ಕು ದಿನ ಇರುತ್ತದೆ, ಫ್ರೀಜರಿನಲ್ಲಿ ಎರಡು ಮೂರು ತಿಂಗಳು.

ಎಲ್ಲ ಆದ ಮೇಲೂ ಹದ ತಪ್ಪಿದ್ದರೆ ಕ್ರೀಮಿಗೆ ಕೈ ಹಾಕುವ ಮೊದಲು ಹೀಗೆ ನೋಡಿ. ತೆಳ್ಳಗಿದ್ದರೆ ಮುಚ್ಚಳ ತೆಗೆದು ಹತ್ತು ನಿಮಿಷ ಕುದಿಸಿ, ಇಲ್ಲವೇ ಎರಡು ಚಮಚ ಅನ್ನವನ್ನು ಸ್ವಲ್ಪ ಸೂಪಿನೊಂದಿಗೆ ಅರೆದು ಬೆರೆಸಿ. ತರಿ ಸಿಕ್ಕುತ್ತಿದ್ದರೆ ಜರಡಿಯಲ್ಲಿ ಸೋಸಿ. ರುಚಿ ಮಂಕಾಗಿದೆ ಅನ್ನಿಸಿದರೆ ಚಿಟಿಕೆ ಉಪ್ಪು, ಅದಾದ ಮೇಲೆ ಬಡಿಸುವ ಬಟ್ಟಲಿಗೇ ನಾಲ್ಕು ಹನಿ ನಿಂಬೆರಸ. ಗೆಣಸು, ಕುಂಬಳಕಾಯಿಯ ಸಿಹಿ ಮಿತಿಮೀರಿದ್ದರೂ ಅದೇ ನಿಂಬೆರಸ, ಜೊತೆಗೆ ಆಗ ತಾನೇ ಕುಟ್ಟಿದ ಕಾಳುಮೆಣಸು.